ಇನ್ನೊಂದ್ಸಲ ಟೀಚರ ಕಿಟಕಿ ಲೆಕ್ಕ

ಲೆಕ್ಕದ ಟೀಚರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ ಎಂಬುದನ್ನು ಆ ಶಾಲೆಯಲ್ಲಿ ಎಲ್ಲರೂ ಮರೆತಿದ್ದರು. ಮಕ್ಕಳಿಗೆ ಅವರು ‘ಇನ್ನೊಂದ್ಸಲ ಟೀಚರ್’. ಯಾರು ಏನು ಮಾಡಿ ತಂದರೂ ಅವರ ಬಾಯಿಂದ ಬರುವ ಮೊದಲ ಮಾತು ಅದು. ತಪ್ಪು ಮಾಡಿದವನಿಗೂ ಇನ್ನೊಂದ್ಸಲ, ಸರಿ ಮಾಡಿದವಳಿಗೂ ಇನ್ನೊಂದ್ಸಲ. ಒಮ್ಮೆ ನಿದ್ದೆಗಣ್ಣಿನಲ್ಲಿ ಗಂಡನ ಗೊರಕೆ ಕೇಳಿಯೂ “ಇನ್ನೊಂದ್ಸಲ” ಎಂದರಂತೆ. ಆ ಬಡಪಾಯಿ ಹೆದರಿ ಮತ್ತೊಮ್ಮೆ ಹೊಡೆದನಂತೆ, ಈ ಸಲ ಸ್ಪಷ್ಟವಾಗಿ.

ಅವರ ತರಗತಿಯೋ, ಕಿಕ್ಕಿರಿದ ಬಸ್ಸು. ಐವತ್ತು ಮಕ್ಕಳು. ಅದರಲ್ಲಿ ಕೆಲವರಿಗೆ ಮಗ್ಗಿ ನಾಲಗೆಯ ತುದಿಯಲ್ಲಿ, ಕೆಲವರಿಗೆ ತಮ್ಮ ಕೈಬೆರಳು ಎಷ್ಟೆಂಬುದರಲ್ಲೇ ಅನುಮಾನ. ಒಬ್ಬನಂತೂ ಕಳೆಯುವ ಲೆಕ್ಕ ಕೊಟ್ಟರೆ ಪೆನ್ಸಿಲ್ಲನ್ನೇ ಕಳೆದುಕೊಂಡು ಬರುತ್ತಿದ್ದ. ಇಷ್ಟು ಜನರನ್ನು ಹಿಡಿದಿಡಲು ಟೀಚರು ಒಂದು ಕಾನೂನು ಮಾಡಿದ್ದರು: ಲೆಕ್ಕ ಮುಗಿಸಿದವರು ಎದ್ದು ನಿಲ್ಲಬೇಕು. ನಿಂತವರಿಗೆ ಅದೇ ತರದ ಇನ್ನೂ ಹತ್ತು ಲೆಕ್ಕ. ಅದನ್ನೂ ಮುಗಿಸಿ ನಿಂತರೆ ಕೊನೆಯ ಬೆಂಚಿಗೆ ಹೋಗಿ ದಿಂಬುವಿಗೆ ಹೇಳಿಕೊಡಬೇಕು. ದಿಂಬು ಎಂಬುದು ಅಲ್ಲಿನ ದಪ್ಪ ಹುಡುಗನ ಅಡ್ಡಹೆಸರು. ಬೆಂಚಿಗೆ ಕೆನ್ನೆ ತಾಗಿದರೆ ಸಾಕು, ಅವನಿಗೆ ನಿದ್ದೆ. ಆ ಬೆಂಚಿನ ಮರದಲ್ಲಿ ಅವನ ಕೆನ್ನೆಯ ಅಳತೆಗೆ ಸರಿಯಾಗಿ ಒಂದು ತಗ್ಗು ಬಿದ್ದಿದೆ ಎಂದು ಶಾಲೆಯ ಆಯಾ ಆಣೆ ಮಾಡಿ ಹೇಳುತ್ತಿದ್ದಳು.

ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದವಳು ಕಡ್ಡಿ. ಬೆಂಕಿಕಡ್ಡಿಯಷ್ಟು ಸಣಕಲು ಮೈ, ಮೇಲೊಂದು ದುಂಡನೆಯ ತಲೆ, ಗೀರಿದರೆ ಭಗ್ಗೆನ್ನುವ ಸ್ವಭಾವ. ಟೀಚರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಅವಳು ನಿಂತಾಗಿರುತ್ತಿತ್ತು. ಕೆಲವು ದಿನ ಟೀಚರು ಬಾಗಿಲ ಬಳಿ ಚಪ್ಪಲಿ ಸದ್ದು ಮಾಡಿದ್ದಕ್ಕೇ ನಿಂತಿದ್ದೂ ಉಂಟು.

ಈ ವರ್ಷ ಅವಳು ಎಲ್ಲರಿಗಿಂತ ಮೊದಲು ನಿಲ್ಲುವುದನ್ನು ಬಿಟ್ಟಳು.

ಮೊದಮೊದಲು ಟೀಚರು ಗಮನಿಸಲಿಲ್ಲ. ಐವತ್ತು ತಲೆಗಳಲ್ಲಿ ಒಂದು ತಲೆ ತಗ್ಗಿದರೆ ಯಾರಿಗೆ ಕಾಣುತ್ತದೆ? ಬರಬರುತ್ತ ಅವಳು ನಡುವಿನವರೊಂದಿಗೆ ನಿಲ್ಲತೊಡಗಿದಳು, ಆಮೇಲೆ ಕೊನೆಯವರೊಂದಿಗೆ, ಆಮೇಲೆ ದಿಂಬುವಿಗೂ ಹಿಂದೆ. ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಸೊನ್ನೆ. ದಿಂಬುವಿಗೇ ಎರಡು ಬಂದಿತ್ತು. ಅವನು ಆ ಎರಡನ್ನು ಊರೆಲ್ಲ ತೋರಿಸಿಕೊಂಡು ಬಂದಿದ್ದ.

ಹೆಡ್‌ಮಾಸ್ಟರು ಟೀಚರನ್ನು ಕರೆಸಿದರು. ಅವರದು ಅಳೆದು ತೂಗಿ ಮಾತಾಡುವ ಬಾಯಿ. ಒಂದು ಮಾತು ಹೇಳಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಎದುರಿಗಿದ್ದವರ ಕೂದಲು ಒಂದಿಷ್ಟು ನೆರೆಯುತ್ತಿತ್ತು.

“ಮೇಡಂ, ಹಿಂದಿನ ಸಾಮಾನು ಕೋಣೆ ಖಾಲಿ ಮಾಡಿಸ್ತಿದ್ದೀನಿ. ನಿಧಾನದ ಮಕ್ಕಳನ್ನೆಲ್ಲ ಅಲ್ಲಿಗೆ ಹಾಕೋಣ. ಡ್ರಿಲ್ ಮಾಸ್ಟರು ನೋಡ್ಕೋತಾರೆ.”

“ಡ್ರಿಲ್ ಮಾಸ್ಟರಾ ಸರ್? ಲೆಕ್ಕಕ್ಕೆ?”

“ಒಂದು, ಎರಡು, ಒಂದು, ಎರಡು ಅಂತ ಅವರೂ ಇಪ್ಪತ್ತು ವರ್ಷದಿಂದ ಎಣಿಸ್ತಾನೇ ಇದಾರಲ್ಲ. ಇರಲಿ. ನಿಮ್ಮ ತರಗತಿಯಿಂದ ಆರು ಮಕ್ಕಳು. ಆ ಟೈಲರಮ್ಮನ ಮಗಳೂ ಸೇರಿ.”

“ಕಡ್ಡೀನಾ? ಸರ್, ಅವಳು ನಿಧಾನದವಳಲ್ಲ.”

“ಸೊನ್ನೆ ತಗೊಂಡವಳು ನಿಧಾನ ಅಲ್ದೆ ಇನ್ನೇನು, ಎಕ್ಸ್‌ಪ್ರೆಸ್ಸಾ? ನೋಡಿ, ಸೋಮವಾರ ನಾನೇ ಬರ್ತೀನಿ. ನನ್ನೆದುರಿಗೆ ಅವಳು ಒಂದೇ ಒಂದು ಲೆಕ್ಕ ನೆಟ್ಟಗೆ ಮಾಡ್ಲಿ, ಬಿಟ್ಟುಬಿಡ್ತೀನಿ. ಇಲ್ಲಾಂದ್ರೆ ಹಿಂದಿನ ಕೋಣೆ.”

ಹಿಂದಿನ ಕೋಣೆ ಎಂದರೆ ಮುರಿದ ಕುರ್ಚಿ, ಹಳೆಯ ಮ್ಯಾಪು, ಒಂದಕ್ಕೆ ಒಂದು ಕೂಡಿಸಿದರೆ ಎರಡು. ಅಲ್ಲಿಗೆ ಹೋದ ಮಗು ವರ್ಷವಿಡೀ ಮಣಿ ಪೋಣಿಸಿ ಎಣಿಸುತ್ತ ಕೂರಬೇಕು. ಕಡ್ಡಿಯಂಥವಳನ್ನು ಅಲ್ಲಿ ಕೂರಿಸುವುದೆಂದರೆ ಉರಿಯುವ ಒಲೆಯ ಮೇಲೆ ತಣ್ಣೀರು ಸುರಿದಂತೆ. ಒಮ್ಮೆ ಆರಿದ್ದು ಮತ್ತೆ ಹೊತ್ತಿಕೊಳ್ಳುತ್ತದೆಂದು ಯಾರು ಹೇಳಬೇಕು?

ಟೀಚರು ಅಂದೇ ತರಗತಿಯಲ್ಲಿ ಅವಳನ್ನು ಬಾಯಿಲೆಕ್ಕಕ್ಕೆ ಎಬ್ಬಿಸಿದರು.

“ಏಳೆಂಟ್ಲ?”

“ಐವತ್ತೇಳು.”

“ಸರಿಯಾಗಿ ಯೋಚನೆ ಮಾಡು. ಹನ್ನೆರಡು ಹನ್ನೆರಡ್ಲ?”

“ನೂರ ನಲವತ್ತೈದು.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಟೀಚರು ಬಿಡಲಿಲ್ಲ. “ಇಪ್ಪತ್ತೈದು ಹದಿನಾರ್ಲ?”

“ನಾನೂರ ಒಂದು.” ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು.

ಟೀಚರ ಕೈಯಲ್ಲಿದ್ದ ಸೀಮೆಸುಣ್ಣ ಅರ್ಧದಲ್ಲೇ ನಿಂತಿತು. ಐವತ್ತಾರಕ್ಕೆ ಐವತ್ತೇಳು, ನೂರ ನಲವತ್ನಾಲ್ಕಕ್ಕೆ ನೂರ ನಲವತ್ತೈದು, ನಾನೂರಕ್ಕೆ ನಾನೂರ ಒಂದು. ದಡ್ಡರು ತಪ್ಪು ಮಾಡುವಾಗ ಹೀಗೆ ಒಂದೊಂದೇ ಮೆಟ್ಟಿಲು ಜಾರುವುದಿಲ್ಲ. ಅವರು ಮಹಡಿಯಿಂದಲೇ ಬೀಳುತ್ತಾರೆ. ಇವಳು ಮೊದಲು ಸರಿ ಉತ್ತರ ಮುಟ್ಟಿ, ಆಮೇಲೆ ಅದಕ್ಕೆ ಒಂದು ಸೇರಿಸಿ ಕೊಡುತ್ತಿದ್ದಾಳೆ!

ಎಲ್ಲರೂ ಆಟಕ್ಕೆ ಹೋದಾಗ ಟೀಚರು ಅವಳನ್ನು ಹತ್ತಿರ ಕರೆದು ಕೇಳಿದರು, “ಬೇಕಂತಲೇ ಮಾಡ್ತಿದ್ದೀಯಾ?”

ಕಡ್ಡಿ ಗೋಡೆ ನೋಡುತ್ತ ಹೇಳಿದಳು, “ತಪ್ಪಾಯ್ತಾ ಟೀಚರ್? ಹಾಗಾದ್ರೆ ತಪ್ಪು ಅಂತ ಹಾಕ್ಕೊಳ್ಳಿ.”

“ಹಿಂದಿನ ಕೋಣೆಗೆ ಕಳಿಸ್ತಾರಮ್ಮ ನಿನ್ನ.”

“ಅಲ್ಲೂ ಅದೇ ಲೆಕ್ಕ ತಾನೇ? ಎಲ್ಲಿದ್ರೇನು.”

ಹೆಡ್‌ಮಾಸ್ಟರಿಗೆ ಹೇಳಿಬಿಡೋಣವೆಂದರೆ, ಅವರಿಗೆ ದಡ್ಡತನವಾದರೂ ಆದೀತು, ನಾಟಕ ಆಗದು. ಬೇಕೆಂದೇ ತಪ್ಪು ಮಾಡಿದವಳೆಂದು ಗೊತ್ತಾದರೆ ಹಿಂದಿನ ಕೋಣೆಯಲ್ಲ, ಶಾಲೆಯ ಗೇಟನ್ನೇ ತೋರಿಸಿಯಾರು. ಹೇಳದಿದ್ದರೆ ಸೋಮವಾರ ಕಾದಿದೆ. ಟೀಚರು ಮನೆಯ ದಾರಿ ಹಿಡಿದರು. ಅಡ್ಡರಸ್ತೆಯಲ್ಲಿ ಕಡ್ಡಿಯ ತಾಯಿ ಟೈಲರಮ್ಮ ಹೊಲಿಗೆ ಯಂತ್ರದಿಂದ ಎದ್ದೇ ಬಂದಳು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು.

“ಟೀಚರ್, ನನ್ನ ಮಗಳ ತಲೆಗೇನಾಯ್ತು? ಮನೇಲಿ ಸರಿಯಾಗೇ ಇದಾಳಲ್ಲ! ಎರಡು ಅಂಗಿ ಆಗೋ ಬಟ್ಟೇಲಿ ಮೂರು ಕತ್ತರಿಸೋದು ಹೇಗೆ ಅಂತ ಹೇಳಿಕೊಡೋದೇ ಅವಳು. ಉಳಿದ ಚೂರಲ್ಲಿ ಪಕ್ಕದ ಮನೆಯವರಿಗೂ ಒಂದು ತೆಗೀತಾಳೆ. ಡಾಕ್ಟ್ರಿಗೆ ತೋರಿಸ್ಲಾ?”

“ಬೇಡಮ್ಮ,” ಎಂದರು ಟೀಚರು. “ತೋರಿಸಬೇಕಾದ್ದು ನನ್ನನ್ನೇ ಏನೋ.” ಕೊನೆಯ ಮಾತು ಟೈಲರಮ್ಮನಿಗೆ ಕೇಳಲಿಲ್ಲ, ಟೀಚರು ಅದನ್ನು ಹೊಟ್ಟೆಯೊಳಗೇ ಹೇಳಿದ್ದರು.

ಆ ಸಂಜೆ ಊಟದ ಮೇಜಿನಲ್ಲಿ ಅವರು ತಟ್ಟೆಯ ಮುಂದೆ ಕೂತು ತುತ್ತನ್ನು ಎಡದಿಂದ ಬಲಕ್ಕೆ ತಳ್ಳುತ್ತಿದ್ದರು. ಅತ್ತೆ ನೋಡಿ ನೋಡಿ ಸಾಕಾಗಿ, “ಅದಕ್ಕೂ ಇನ್ನೊಂದ್ಸಲ ಅಂತ ಹೇಳ್ತೀಯೇನೇ? ತಿನ್ನು,” ಎಂದರು. ಗಡಿಯಾರ ರಿಪೇರಿ ಮಾಡುವ ಗಂಡ ಕೇಳಿದ, “ಏನಾಯ್ತು?”

ಟೀಚರು ಎಲ್ಲ ಹೇಳಿದರು. “ಅಷ್ಟು ಬುದ್ಧಿ ಇರೋಳು ಯಾಕ್ರೀ ಹೀಗೆ ಮಾಡ್ತಾಳೆ? ಬೇಗ ಮಾಡಿದ್ರೆ ಹೊಗಳಲ್ವಾ ನಾನು?”

ಗಂಡ ಎದ್ದು ಪಾತ್ರೆ ತೊಳೆಯುವ ಕಡೆ ಹೋದ. ಆ ಮನೆಯಲ್ಲಿ ಪಾತ್ರೆ ಅವನ ಪಾಲು. ಅವನು ತೊಳೆಯುವುದೆಂದರೆ ಒಂದು ಚಮಚಕ್ಕೆ ಒಂದು ಮಳೆಗಾಲ.

“ನಾನು ಯಾಕೆ ಇಷ್ಟು ನಿಧಾನಕ್ಕೆ ತೊಳೀತೀನಿ ಗೊತ್ತಾ?” ಎಂದ.

“ನಿಮ್ಮ ಕೈಯೇ ಹಾಗೆ.”

“ಗಡಿಯಾರದ ಮುಳ್ಳು ಕೂರಿಸೋ ಕೈ ಕಣೇ ಇದು, ತಟ್ಟೆ ಯಾವ ಲೆಕ್ಕ? ಮದುವೆಯಾದ ಹೊಸದರಲ್ಲಿ ಒಂದಿನ ಚಕಚಕ ತೊಳೆದು ಮುಗಿಸಿದೆ. ನಮ್ಮಮ್ಮ ಏನು ಮಾಡಿದ್ಲು? ‘ಅಯ್ಯೋ, ಆಗೇ ಹೋಯ್ತಾ, ಜಾಣ’ ಅಂತ ಹೇಳಿ ಅಟ್ಟದ ಮೇಲಿದ್ದ ದೊಡ್ಡ ಪಾತ್ರೇನೆಲ್ಲ ಇಳಿಸಿದ್ಲು. ಅವತ್ತೇ ತೀರ್ಮಾನ ಮಾಡಿದೆ.”

“ಅಯ್ಯೋ ಪಾಪಿ!” ಎಂದರು ಅತ್ತೆ. “ಇಷ್ಟು ವರ್ಷ ನಿನ್ನ ಕೈ ನೋವು ಅಂತ ಎಣ್ಣೆ ತಿಕ್ಕಿದೀನಲ್ಲೋ!”

ಅತ್ತೆ, ಮಗನ ಜಗಳ ಮುಂದುವರಿಯಿತು. ಟೀಚರಿಗೆ ಅದು ಕೇಳಿಸಲಿಲ್ಲ. ಕಡ್ಡಿ ಮೊದಲು ಎದ್ದು ನಿಂತ ಅಷ್ಟೂ ದಿನ ತಾವು ಅವಳಿಗೆ ಕೊಟ್ಟದ್ದು ಏನು? ಅಟ್ಟದ ಪಾತ್ರೆ. ಹತ್ತು ಲೆಕ್ಕ ಮುಗಿಸಿದರೆ ಅದೇ ಮುಖದ ಇನ್ನು ಹತ್ತು, ಅದೂ ಮುಗಿದರೆ ದಿಂಬುವಿನ ಗೊರಕೆ.

ಬೇರೆ ತರದ್ದು ಕೊಡಬೇಕು, ಸರಿ. ಆದರೆ ಬೇರೆ ತರದ್ದು ಎಂದರೆ ಯಾವುದು? ಇಲ್ಲಿ ಟೀಚರ ಇನ್ನೊಂದು ಹೆದರಿಕೆ ಹೆಡೆ ಎತ್ತಿತು. ಅದನ್ನು ಅವರು ಗಂಡನಿಗೂ ಹೇಳಿರಲಿಲ್ಲ. ಪುಸ್ತಕದ ಹಿಂದೆ ಉತ್ತರ ಅಚ್ಚಾಗಿರದ ಲೆಕ್ಕವೆಂದರೆ ಅವರಿಗೆ ಕತ್ತಲೆಯ ಬಾವಿ. ಇಷ್ಟು ವರ್ಷ ಕಲಿಸಿದ್ದೂ ಉತ್ತರ ಗೊತ್ತಿದ್ದುದನ್ನೇ. ಆ ಹುಡುಗಿಗೆ ಸಾಲುವಂಥ ಪ್ರಶ್ನೆ ಕೊಟ್ಟು, ಅವಳು ಅದರ ಆಚೆ ಇನ್ನೊಂದು ಕೇಳಿದರೆ? ಐವತ್ತು ಮಕ್ಕಳ ಮುಂದೆ ಬಾಯಿ ಬಿಟ್ಟು ನಿಂತರೆ? ಉಳಿದ ನಲವತ್ತೊಂಬತ್ತು ಜನ ಅಷ್ಟು ಹೊತ್ತು ಏನು ಮಾಡಬೇಕು, ತಲೆ ಕೆಳಗಾಗಿ ನಿಲ್ಲಬೇಕೇ?

ಭಾನುವಾರ ಬೆಳಿಗ್ಗೆ ಹಾಲು ಕಾಯಲಿಟ್ಟು ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ನಿಂತರು. ಕಿಟಕಿಯ ಕಬ್ಬಿಣದ ಜಾಲರಿಯ ಮನೆಗಳ ಮೇಲೆ ಕಣ್ಣು ಸುಮ್ಮನೆ ಓಡಾಡುತ್ತಿತ್ತು. ಒಂದು ಮನೆ ಚೌಕ. ನಾಲ್ಕು ಮನೆ ಸೇರಿದರೂ ಚೌಕ. ಒಂಬತ್ತು ಸೇರಿದರೂ… ಹಾಲು ಉಕ್ಕಿ ಒಲೆ ಆರಿಸಿ, ಕಟ್ಟೆಯಿಂದ ಇಳಿದು, ಅತ್ತೆಯ ಮಾತಿನ ಪ್ರಕಾರ ಬೀದಿಯ ಅರ್ಧದವರೆಗೆ ಹರಿಯಿತು. ಟೀಚರಿಗೆ ಪರಿವೆಯೇ ಇಲ್ಲ. ತರಗತಿಯ ಕಿಟಕಿ ನೆನಪಾಗಿತ್ತು: ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ನಾಲ್ಕು. ದಿಂಬುವೂ ಎಣಿಸಬಹುದು, ಇಪ್ಪತ್ತು ಅನ್ನುತ್ತಾನೆ. ಸ್ವಲ್ಪ ನೋಡುವವರಿಗೆ ದೊಡ್ಡ ಚೌಕಗಳು ಕಾಣುತ್ತವೆ. ಗಂಡನನ್ನು ಕೂರಿಸಿಕೊಂಡು ಗೀಚಿ ಗೀಚಿ ಲೆಕ್ಕ ಹಾಕಿದರು: ಒಂದು ಮನೆಯವು ಇಪ್ಪತ್ತು, ನಾಲ್ಕು ಮನೆಯವು ಹನ್ನೆರಡು, ಒಂಬತ್ತು ಮನೆಯವು ಆರು, ಹದಿನಾರು ಮನೆಯವು ಎರಡು. ಒಟ್ಟು ನಲವತ್ತು. ಉತ್ತರ ಕೈಗೆ ಬಂದ ಮೇಲೆ ಹೆದರಿಕೆ ಕೊಂಚ ಇಳಿಯಿತು. ನಲವತ್ತು, ನಲವತ್ತು ಎಂದು ಜಪಿಸುತ್ತಲೇ ಮಲಗಿದರು.

ಸೋಮವಾರ ಬೋರ್ಡನ್ನು ಒರೆಸಿ ಖಾಲಿ ಬಿಟ್ಟರು. ಮಕ್ಕಳಿಗೆ ಅದೇ ಗಾಬರಿ. ಖಾಲಿ ಬೋರ್ಡನ್ನು ಅವರು ರಜೆಯಲ್ಲೂ ಕಂಡಿರಲಿಲ್ಲ.

“ಇವತ್ತು ಒಂದೇ ಲೆಕ್ಕ,” ಎಂದರು ಟೀಚರು. “ಆ ಕಿಟಕಿಯ ಜಾಲರಿಯಲ್ಲಿ ಚೌಕ ಎಷ್ಟಿವೆ? ಮುಗಿದವರು ನಿಲ್ಲೋದು ಬೇಡ. ಹೇಗೆ ಎಣಿಸಿದ್ರಿ ಅಂತ ಹೇಳಬೇಕು.”

“ಇಪ್ಪತ್ತು!” ಎಂದು ಅರ್ಧ ತರಗತಿ ಕೂಗಿತು. ಯಾರೋ “ಇಪ್ಪತ್ತೊಂದು, ಹೊರಗಿನ ಚೌಕಟ್ಟು ಸೇರಿಸಿ” ಎಂದ. “ಅದು ಚೌಕ ಅಲ್ವೋ, ಉದ್ದಗಿದೆ” ಎಂದು ಇನ್ನೊಬ್ಬಳು ಬೈದಳು. ನಿಧಾನವಾಗಿ ದೊಡ್ಡ ಚೌಕಗಳು ಒಬ್ಬೊಬ್ಬರ ಕಣ್ಣಿಗೆ ಬೀಳತೊಡಗಿದವು. ಇಪ್ಪತ್ತೈದು, ಮೂವತ್ತೊಂದು, ಒಬ್ಬ ಹುಮ್ಮಸ್ಸಿನವನು ಎಂಟುನೂರು. ಕಡ್ಡಿ ಮಾತ್ರ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಟೀಚರು ಅವಳತ್ತ ನೋಡದಂತೆ ನೋಡಿ ಕೇಳಿದರು, “ನಿಂದೆಷ್ಟು?”

“ನಲವತ್ತೊಂದು.”

ನಲವತ್ತು ಕಂಡಿದ್ದಾಳೆ, ಅದೂ ಕೂತಲ್ಲೇ. ಕಂಡು ಮತ್ತೆ ಒಂದು ಸೇರಿಸಿದ್ದಾಳೆ. ಇದೂ ಅವಳಿಗೆ ಅಟ್ಟದ ಪಾತ್ರೆಯೇ. ವರಾಂಡದ ಆ ತುದಿಯಲ್ಲಿ ಹೆಡ್‌ಮಾಸ್ಟರ ಬೂಟಿನ ಸದ್ದು ಕೇಳತೊಡಗಿತ್ತು.

ಆಗ ಕೊನೆಯ ಬೆಂಚಿನಿಂದ ದಿಂಬು ಕೈ ಎತ್ತಿದ. ಆ ಕೈ ಮೇಲೆ ಹೋದದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

“ಟೀಚರ್, ನಡುವೆ ಒಂದು ಕಂಬಿ ಇಲ್ಲ. ಎರಡು ಮನೆ ಸೇರಿಕೊಂಡಿವೆ. ನಾನು ದಿನಾ ಅದರಲ್ಲೇ ಹೊರಗೆ ನೋಡೋದು. ಅದು ಚೌಕ ಹೇಗಾಗತ್ತೆ?”

ಎಲ್ಲರೂ ಕಿಟಕಿಗೆ ತಿರುಗಿದರು. ನಿಜ. ಮೇಲಿನಿಂದ ಎರಡನೆಯ ಸಾಲು. ಎಡದಿಂದ ಎರಡನೆಯ ಮನೆಗೂ ಮೂರನೆಯದಕ್ಕೂ ನಡುವಿನ ತುಂಡು ಕಂಬಿ ಎಂದೋ ಕಿತ್ತುಹೋಗಿತ್ತು. ಟೀಚರು ಇಷ್ಟು ವರ್ಷ ಆ ಕಿಟಕಿಗೆ ಬೆನ್ನು ಹಾಕಿಯೇ ಪಾಠ ಮಾಡಿದ್ದರು. ನಲವತ್ತು ಎಂಬ ಅವರ ಊರುಗೋಲು ಕೈಯಿಂದ ಜಾರಿ ಎಲ್ಲೋ ಬಿತ್ತು.

“ಹಾಗಾದ್ರೆ ಮೂವತ್ತೆಂಟು,” ಎಂದಳು ಕಡ್ಡಿ ಥಟ್ಟನೆ. “ನಲವತ್ತರಲ್ಲಿ ಆ ಎರಡು ಹೋಯ್ತು.” ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು, ಒಂದು ಸೇರಿಸುವುದನ್ನು ಮರೆತಿದ್ದಳು.

“ಸರೀನಾ ಟೀಚರ್?” ಎಂದಿತು ತರಗತಿ.

ಸರಿ ಎಂದರೆ ಮುಗಿಯಿತು, ಹೆಡ್‌ಮಾಸ್ಟರು ಬರುವಷ್ಟರಲ್ಲಿ ಒಂದು ಲೆಕ್ಕ ನೆಟ್ಟಗಾಯಿತು. ಆದರೆ ಸರಿಯೋ ಅಲ್ಲವೋ?

“ನನಗೆ ಗೊತ್ತಿಲ್ಲ,” ಎಂದರು.

ತರಗತಿಯೆಲ್ಲ ಅವರತ್ತ ತಿರುಗಿತು. ಗೋಡೆಯ ಮೇಲಿನ ಹಲ್ಲಿಯೂ ತಿರುಗಿ ನೋಡಿರಬೇಕು. ಕಡ್ಡಿ ಗಲ್ಲದಿಂದ ಕೈ ತೆಗೆದಳು.

“ನಿಮಗೆ ಗೊತ್ತಿಲ್ವಾ? ನಿಜವಾಗ್ಲೂ?”

“ನಿಜವಾಗ್ಲೂ. ನಿನ್ನೆ ನಾನು ನಲವತ್ತು ಅಂತ ಮಾಡ್ಕೊಂಡು ಬಂದೆ. ಕಂಬಿ ನೋಡೇ ಇರ್ಲಿಲ್ಲ.”

ಕಡ್ಡಿ ಎದ್ದಳು. ನಿಲ್ಲಲಿಕ್ಕಲ್ಲ, ನೇರ ಕಿಟಕಿಯ ಬಳಿ ಹೋಗಿ ಕಟ್ಟೆ ಹತ್ತಿ, ಕಂಬಿ ಇಲ್ಲದ ಜಾಗಕ್ಕೆ ಬೆರಳಿಟ್ಟಳು. ಬೆರಳು ಅಲ್ಲಿಂದ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ನಿಂತಿತು. “ಅಲ್ಲ,” ಎಂದಳು ತನಗೇ. “ಮೂವತ್ತೆಂಟಲ್ಲ. ದೊಡ್ಡ ಚೌಕದ ಗೋಡೇನೂ ಇಲ್ಲೇ ಹಾದುಹೋಗತ್ತೆ.”

“ಅದಕ್ಕೇನಾಯ್ತು?” ಎಂದ ದಿಂಬು, ಅಲ್ಲಿಗೇ ಬಂದು. “ಒಂದು ಗೋಡೇಲಿ ಸ್ವಲ್ಪ ಬಿದ್ರೆ ಮನೆ ಮನೆ ಅಲ್ವಾ? ನಮ್ಮನೆ ಗೋಡೆ ಅರ್ಧ ಇಲ್ಲ, ಆದ್ರೂ ಅಪ್ಪ ಮನೆ ಅಂತಾನೇ ಹೇಳೋದು.”

“ನೀನೇ ತಾನೇ ಕಂಬಿ ಇಲ್ದಿದ್ರೆ ಚೌಕ ಅಲ್ಲ ಅಂದಿದ್ದು? ಚಿಕ್ಕದಕ್ಕೊಂದು ನ್ಯಾಯ ದೊಡ್ಡದಕ್ಕೊಂದು ನ್ಯಾಯಾನಾ?”

“ಹೌದಲ್ಲ,” ಎಂದು ದಿಂಬು ತಲೆ ಕೆರೆದುಕೊಂಡ. “ಹಾಗಾದ್ರೆ ಅವೂ ಹೋಗ್ಲಿ. ಎಷ್ಟು ಹೋಗತ್ವೆ?”

ಅಷ್ಟರಲ್ಲಿ ಹೆಡ್‌ಮಾಸ್ಟರು ಒಳಗೆ ಬಂದರು. ಬೆಂಚುಗಳಲ್ಲಿ ಯಾರೂ ಇಲ್ಲ. ಐವತ್ತು ಮಕ್ಕಳೂ ಕಿಟಕಿಗೆ ಜೇನುಹುಳುಗಳಂತೆ ಅಂಟಿಕೊಂಡಿದ್ದಾರೆ. ಅವರು ಗಂಟಲು ಸರಿಮಾಡಿಕೊಂಡು, ಗುಂಪು ಸೀಳಿ ಕಿಟಕಿಯ ಎದುರಿಗೇ ಹೋಗಿ ನಿಂತರು. “ಏನಿದು? ಟೈಲರಮ್ಮನ ಮಗಳು ಎಲ್ಲಿ? ಲೆಕ್ಕ ಆಯ್ತಾ ಅವಳದು?”

“ಇನ್ನೂ ಆಗಿಲ್ಲ,” ಎಂದಳು ಕಡ್ಡಿ, ತಿರುಗದೆ.

“ನೋಡಿದ್ರಾ ಮೇಡಂ? ಇನ್ನೂ ಆಗಿಲ್ಲವಂತೆ.”

“ಸರ್, ಸ್ವಲ್ಪ ಆಚೆ ನಿಲ್ಲಿ, ಕೆಳಗಿನ ಸಾಲು ಕಾಣ್ತಿಲ್ಲ,” ಎಂದಳು ಕಡ್ಡಿ.

ಟೀಚರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣೊಳಗೆ ಶಾಲೆಯ ಗೇಟು ತೆರೆದುಕೊಂಡಿತು, ಕಡ್ಡಿ ಅದರಿಂದ ಹೊರಗೆ ಹೋದಳು, ಹಿಂದೆಯೇ ತಾವೂ ಹೋದರು. ಕಣ್ಣು ತೆರೆದರೆ, ಹೆಡ್‌ಮಾಸ್ಟರು ನಿಜವಾಗಿಯೂ ಪಕ್ಕಕ್ಕೆ ಸರಿದಿದ್ದರು. ಮೂವತ್ತು ವರ್ಷದಿಂದ ಯಾರೂ ಅವರಿಗೆ ಸರಿಯಿರಿ ಎಂದಿರಲಿಲ್ಲ. ಆ ಆಶ್ಚರ್ಯಕ್ಕೇ ಕಾಲು ತಾನಾಗಿ ಸರಿದಿತ್ತು.

“ಏನು ಲೆಕ್ಕ ಅದು?” ಎಂದು ಮೆಲ್ಲಗೆ ಕೇಳಿದರು.

ಟೀಚರು ಹೇಳಿದರು. ಹೆಡ್‌ಮಾಸ್ಟರು ಕನ್ನಡಕ ಏರಿಸಿ, ಬೆರಳು ಮಡಿಚಿ, ತುಟಿ ಅಲ್ಲಾಡಿಸುತ್ತ ಎಣಿಸಿದರು. “ಮೂವತ್ತಾರು.”

“ಅಲ್ಲ ಸರ್,” ಎಂದ ದಿಂಬು ಕನಿಕರದಿಂದ. “ನಾಲ್ಕು ಮನೇದು ಕಳೆಯೋದು ಬಿಟ್ರಿ. ಬನ್ನಿ, ಹೇಳಿಕೊಡ್ತೀನಿ.”

ಕಡ್ಡಿ ಕಟ್ಟೆಯಿಂದ ಧುಮುಕಿದಳು. ಮುಖ ಕೆಂಪಗೆ, ಬೆರಳಿಗೆಲ್ಲ ತುಕ್ಕು. “ಎಂಟು ಹೋಗತ್ತೆ! ಚಿಕ್ಕದು ಎರಡು, ನಾಲ್ಕು ಮನೇದು ನಾಲ್ಕು, ಒಂಬತ್ತು ಮನೇದು ಎರಡು. ದೊಡ್ಡವೆರಡಕ್ಕೆ ಏನೂ ಆಗಲ್ಲ, ಅವುಗಳ ಗೋಡೆ ಇಲ್ಲಿ ಬರೋದೇ ಇಲ್ಲ. ಮೂವತ್ತೆರಡು! ಯಾರಾದ್ರೂ ತಪ್ಪು ಅಂತ ತೋರಿಸಿ, ನೋಡೋಣ!”

ಯಾರೂ ತೋರಿಸಲಿಲ್ಲ. ಒಂದೊಂದೇ ಚೌಕವನ್ನು ಬೆರಳಿಟ್ಟು ಎಣಿಸಿ ನೋಡಿದ ಮೇಲೆ ಹೆಡ್‌ಮಾಸ್ಟರೂ ತೋರಿಸಲಿಲ್ಲ. ಅವರು ಬಾಗಿಲವರೆಗೆ ಹೋಗಿ ತಿರುಗಿ, “ಮೇಡಂ, ಈ ಹುಡುಗಿ ನಿಧಾನ ಅಂತ ಯಾರು ಹೇಳಿದ್ದು?” ಎಂದು ಕೇಳಿದರು.

ಟೀಚರು ಜಾಣರು. “ಯಾರೋ ಸರ್,” ಎಂದರು.

“ಇಲ್ಲೇ ಇರ್ಲಿ. ಆ ದಪ್ಪ ಹುಡುಗನೂ ಇಲ್ಲೇ ಇರ್ಲಿ,” ಎಂದು ಹೆಡ್‌ಮಾಸ್ಟರು ಹೊರಟರು. ವರಾಂಡದುದ್ದಕ್ಕೂ ಅವರು ಬೆರಳು ಮಡಿಚುತ್ತಲೇ ಇದ್ದರು.

ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಟೀಚರು ಕುರ್ಚಿಯಲ್ಲಿ ಕುಸಿದು ಕೂತರು. ಎಷ್ಟೋ ದಿನಗಳಲ್ಲಿ ಮೊದಲ ಬಾರಿಗೆ ಹಸಿವಾಯಿತು. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರೆ, ಮೇಜಿನ ಆಚೆ ಕಡ್ಡಿ ನಿಂತಿದ್ದಾಳೆ, ಕಣ್ಣು ಧಗಧಗ.

“ಟೀಚರ್, ಚೌಕ ಬಿಡಿ, ಉದ್ದಗಿರೋ ಮನೆಗಳನ್ನೂ ಸೇರಿಸಿದ್ರೆ? ಅದು ನಾನೇ ಮಾಡ್ಕೊಂಡು ಬರ್ತೀನಿ. ನಾಳೆಗೆ ಏನು ಕೊಡ್ತೀರಿ?”

“ನಾಳೆಗಾ?”

“ಹೂಂ. ನಿಮಗೂ ಗೊತ್ತಿಲ್ದೇ ಇರೋದು.”

ಅವಳು ಓಡಿಹೋದಳು. ಟೀಚರು ಡಬ್ಬಿಯನ್ನು ಮುಚ್ಚಿದರು. ಹಸಿವು ಸತ್ತುಹೋಗಿತ್ತು. ತಮಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಬೇಕಾದಷ್ಟಿದೆ, ಅದಕ್ಕೇನೂ ಬರಗಾಲವಿಲ್ಲ. ಆದರೆ ನಾಳೆಯೊಳಗೆ ಅದರಲ್ಲಿ ಒಂದನ್ನು ಹುಡುಕಬೇಕಲ್ಲ. ಅದು ದಿಂಬುವಿಗೂ ಎಟುಕಬೇಕು, ಇವಳಿಗೂ ಸಾಲಬೇಕು. ಆ ಸಂಜೆ ಅವರು ಮನೆಯ ದಾರಿಯಲ್ಲಿ ಕಂಡ ಮೆಟ್ಟಿಲು, ಬಾಗಿಲು, ಕಾಲುಹಾದಿಯ ಕಲ್ಲು ಎಲ್ಲವನ್ನೂ ನಿಂತು ನಿಂತು ದಿಟ್ಟಿಸಿದರು. ದಿನಸಿ ಅಂಗಡಿಯವನು ಅವರು ತನ್ನ ಕಪಾಟನ್ನೇ ಗುರಾಯಿಸುತ್ತಿರುವುದನ್ನು ಕಂಡು, ಏನೋ ತಪ್ಪು ಸಿಕ್ಕಿರಬೇಕೆಂದು ಹೆದರಿ, ತಾನಾಗಿಯೇ ತಕ್ಕಡಿಯನ್ನು ಒರೆಸತೊಡಗಿದ.